ಶಿವಪೂಜೆಯ ನಂತರದ ಅರ್ಧ ಗಂಟೆ

ಅಕ್ಷತಾ, ಶರಣು, ಇಬ್ಬರೂ ಒಂದು ಕಡೆ ಕುಳಿತು ಓದಿರಿ. ಫೋನಿನಲ್ಲಿ ನಾನು "ಉಂಡ್ರೇನು? ಆರಾಮ ಅದೀರೇನು?" ಎಂದು ಎರಡು ಮಾತು ಕೇಳಿ ಫೋನನ್ನು ನಿಮ್ಮವ್ವನ ಕೈಗೆ ಕೊಟ್ಟುಬಿಡುತ್ತೇನೆ. ಬಾಯಿಂದ ಬರುವುದು ಅಷ್ಟೇ. ಬರೆಯುವುದಾದರೆ ನಾಚಿಕೆ ಸ್ವಲ್ಪ ಕಡಿಮೆ. ಹಾಳೆ ನನ್ನ ಮುಖ ನೋಡಿ ನಗುವುದಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಡಿಸಿದ ಮೇಲೆ ನಾನು ಬರೆದದ್ದೆಲ್ಲ ಕಿರಾಣಿ ಚೀಟಿಗಳು. ಇದು ಮಾತ್ರ ಬೇರೆ. ಇದೊಂದು ಕಳ್ಳತನದ ಕಥೆ, ಕಳ್ಳಿ ನಾನೇ.

ತುಂಬಿದ ಮನೆಯಲ್ಲಿ ಹೆಂಗಸಿಗೆ ಸೀರೆ ಸಿಗುತ್ತದೆ, ಊಟ ಸಿಗುತ್ತದೆ, ಬೈಗುಳವಂತೂ ಬೇಡವೆಂದರೂ ಸಿಗುತ್ತದೆ. ಯಾರೂ ಕರೆಯದ ಅರ್ಧ ಗಂಟೆ ಮಾತ್ರ ಸಿಗುವುದಿಲ್ಲ. ರಂಗಂಪೇಟೆಯಿಂದ ಶಹಾಪುರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಹದಿನಾಲ್ಕು ಮಂದಿಗೆ ರೊಟ್ಟಿ ಬಡಿಯಬೇಕಿತ್ತು. ನಾಲ್ಕು ಗಂಟೆಗೆ ಎದ್ದರೆ ಹಂಚು ಆರುವುದು ಎಂಟಕ್ಕೆ. ಕುಳಿತರೆ ಕರೆಯುತ್ತಿದ್ದರು, ನಿಂತರೆ ಕಳಿಸುತ್ತಿದ್ದರು. ಆದರೆ ಲಿಂಗಪೂಜೆಗೆ ಕುಳಿತವರನ್ನು ಮಾತಾಡಿಸಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ನನ್ನ ಅತ್ತೆ, ಊರಿಗೇ ಗದರುವಂಥ ಹೆಂಗಸು, ದೇವರ ಖೋಲಿಯ ಬಾಗಿಲಿಗೆ ಬಂದರೆ ಬಳೆಯ ಸದ್ದನ್ನೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಮೊದಲ ಸಲ ಅದು ತಾನಾಗಿಯೇ ಆಯಿತು. ಪೂಜೆ ಮುಗಿದು, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಇನ್ನೇನು ಏಳಬೇಕು ಎನ್ನುವಷ್ಟರಲ್ಲಿ ಕಣ್ಣು ಮುಚ್ಚಿತು. ತೆರೆದಾಗ ಅರ್ಧ ಗಂಟೆ ಹೋಗಿತ್ತು. ಅಂಜುತ್ತ ಹೊರಗೆ ಬಂದರೆ ಅತ್ತೆ ಕಟ್ಟೆಯ ಮೇಲೆ ಕುಳಿತು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ನಮ್ಮ ಸೊಸಿ ಪೂಜಿಗಿ ಕುಂತ್ಳಂದ್ರ ಮೈಮ್ಯಾಲ ಖಬರ್ ಇರಂಗಿಲ್ಲ ನೋಡವ್ವ!" ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ತಲೆ ತಗ್ಗಿಸಿ ಒಳಗೆ ಹೋದೆ. ಅದಕ್ಕೂ ಹೊಗಳಿಕೆ ಬಂತು, ಎಷ್ಟು ನಾಚಿಕೆ ಸ್ವಭಾವ ಎಂದು.

ಅಲ್ಲಿಂದ ಇಲ್ಲಿಯವರೆಗೆ ಅದೇ ನಡೆದುಬಂತು. ಪೂಜೆಯಲ್ಲಿ ನಾನು ಮೋಸ ಮಾಡಿಲ್ಲ. ವಿಭೂತಿ, ಪತ್ರಿ, ಮಂತ್ರ ಎಲ್ಲ ಸರಿಯಾಗಿಯೇ. ಅದಾದ ಮೇಲಿನ ಅರ್ಧ ಗಂಟೆ ಮಾತ್ರ ನನ್ನದು. ಶಿವನಿಗೆ ಎಲ್ಲ ಗೊತ್ತು. ಅವನು ಯಾರಿಗೂ ಹೇಳಲಿಲ್ಲ. ಅವನಷ್ಟು ಗುಟ್ಟು ಕಾಯುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ.

ಹೀಗೆ ಸುಖವಾಗಿದ್ದವಳು ಹೋದ ಚಳಿಗಾಲದಲ್ಲಿ ಒಂದು ದಡ್ಡತನ ಮಾಡಿದೆ. ಚಹಾ ಕುಡಿಯುತ್ತ ನಿಮ್ಮವ್ವನ ಮುಂದೆ, "ರಾತ್ರಿ ನಿದ್ದೀನ ಹತ್ತಂಗಿಲ್ಲವ್ವ ನಿರ್ಮಲಾ" ಎಂದುಬಿಟ್ಟೆ. ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಹೋದ ಮೇಲೆ ರಾತ್ರಿ ನಿದ್ದೆ ಕಡಿಮೆಯಾದದ್ದು ನಿಜ. ಆದರೂ ನಾನದನ್ನು ಹೇಳಿದ್ದು ಮದ್ದಿಗಲ್ಲ, "ಅಯ್ಯ ಪಾಪ" ಎನ್ನಿಸಿಕೊಳ್ಳಲಿಕ್ಕೆ. ಮುದುಕಿಯರ ಅರ್ಧ ದೂರುಗಳು ಹಾಗೆಯೇ ಇರುತ್ತವೆ. ಆದರೆ ನಿಮ್ಮವ್ವ ಅಂಗನವಾಡಿ ನಡೆಸುವವಳು. ಕೂಸು ಅತ್ತರೆ ತೂಕ ಮಾಡಿ, ಪಟ್ಟಿಯಲ್ಲಿ ಬರೆದು, ಮೇಲಿನವರಿಗೆ ಕಳಿಸಿ ಅಭ್ಯಾಸ. "ಅಯ್ಯ ಪಾಪ" ಎನ್ನಲೇ ಇಲ್ಲ.

"ಗುಳಿಗಿ ಬ್ಯಾಡ್ರಿ ಅತ್ತಿ. ಧ್ಯಾನ ಮಾಡ್ರಿ. ಯಾವ ಹೊತ್ತಿಗಿ ಮಾಡಿದ್ರ ನಿದ್ದಿ ಚಂದ ಬರ್ತದ ಅಂತ ಒಂದೊಂದ ಹೊತ್ತು ಹಿಡದು ನೋಡೂಣು" ಎಂದಳು.

ಮೊದಲು ಮಲಗುವ ಮುಂಚಿನ ಹೊತ್ತು. ಉಂಡು ಕೈ ತೊಳೆದ ಕೂಡಲೇ ನನ್ನನ್ನು ಚಾಪೆಯ ಮೇಲೆ ಕೂಡಿಸಿ ಮುಂದೆ ಫೋನಿಟ್ಟಳು. ಅದರೊಳಗಿನ ಗಂಡಸು ಬಹಳ ಮೆತ್ತಗೆ, "ನಿಮ್ಮ ಉಸಿರನ್ನು ಗಮನಿಸಿ" ಎಂದ. ನಮ್ಮ ಕಡೆ ಯಾರಾದರೂ ಅಷ್ಟು ಮೆತ್ತಗೆ ಮಾತಾಡಿದರೆ ಏನೋ ಕೆಟ್ಟ ಸುದ್ದಿ ಬಂದಿದೆ ಎಂದೇ ಅರ್ಥ. ಸುದ್ದಿ ಏನಿರಬಹುದು ಎಂದು ಎದೆ ಹೊಡೆದುಕೊಳ್ಳತೊಡಗಿತು. ಇನ್ನು ಉಸಿರು. ಅರವತ್ತೆಂಟು ವರ್ಷ ತನ್ನಷ್ಟಕ್ಕೆ ಆಡಿಕೊಂಡಿದ್ದ ಉಸಿರನ್ನು ಗಮನಿಸಲು ಹೋದದ್ದೇ ತಡ, ಅದು ಹೊಸ ಸೊಸೆಯ ಹಾಗೆ ಎಡವತೊಡಗಿತು. ನಾನು ನೆನಪಿಟ್ಟು ಎಳೆದುಕೊಳ್ಳದಿದ್ದರೆ ನಿಂತೇ ಹೋಗುತ್ತದೇನೋ ಎಂಬ ಭಯ. ಅಂಥ ಭಯದಲ್ಲಿ ಯಾರಿಗೆ ನಿದ್ದೆ ಬರುತ್ತದೆ?

ಆಮೇಲೆ ಸಂಜೆ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ಮನೆಯಲ್ಲಿ ಯಾರೂ ಕಣ್ಣು ಮುಚ್ಚಬಾರದು. ಆ ಹೊತ್ತಿನಲ್ಲಿ ಕಣ್ಣು ಮುಚ್ಚುವವರು ಬೇನೆ ಬಿದ್ದವರು ಮಾತ್ರ. ನಿಮ್ಮವ್ವ ಕೇಳಲಿಲ್ಲ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದಳು. ತೆರೆದ ಬಾಗಿಲಿನಿಂದ ಓಣಿಯೆಲ್ಲ ನೋಡಿತು. ಹೆಪ್ಪಿಗೆಂದು ಮೊಸರು ಕೇಳಲು ಬಂದ ನೀಲಮ್ಮ ಹೊಸ್ತಿಲಲ್ಲೇ ನಿಂತು, "ಯಾವಾಗಿಂದ ಹಿಂಗ ಅದಾಳವ್ವ? ಹೊಟ್ಟಿಗಿ ಏನರೆ ತೊಗೊಳ್ಳಾಕತ್ತಾಳೇನು?" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಮರುದಿನ ಇಬ್ಬರು ಬಾಳೆಹಣ್ಣು ತಂದರು, ಒಬ್ಬಳು ಬಿಸ್ಕೀಟು ಪುಡಿಕೆ ತಂದಳು. ನಾನು ಚೆನ್ನಾಗಿದ್ದೇನೆ ಎಂದರೆ, "ಹೌದವ್ವ, ಹಂಗ ಧೈರ್ಯಾ ಇರಬೇಕು" ಎಂದು ಕಣ್ಣೊರೆಸಿಕೊಂಡರು. ಸಂಜೆಯ ಧ್ಯಾನ ಅಲ್ಲಿಗೆ ಮುಗಿಯಿತು. ಬಿಸ್ಕೀಟು ಮಾತ್ರ ಚಲೋ ಇದ್ದವು.

ಮಧ್ಯಾಹ್ನದ ಹೊತ್ತನ್ನು ಗೋಡೆಯಾಚೆಗಿನ ರಜಿಯಾ ಕೆಡಿಸಿದಳು. ಅವಳು ರವಿಕೆ ಹೊಲಿಯುವುದು ಆಗಲೇ. ಉಸಿರು ಎಣಿಸುವುದೋ, ಮಶೀನಿನ ಟಕಟಕ ಎಣಿಸುವುದೋ ತಿಳಿಯದೆ ಎದ್ದು ಅವಳ ಮನೆಗೇ ಹೋಗಿ ಕುಳಿತೆ. "ನಿನಗ ನಿದ್ದಿ ಹ್ಯಾಂಗ ಬರ್ತದ ರಜಿಯಾ?" ಎಂದು ಕೇಳಿದೆ.

"ಅಕ್ಕಾ, ಐದು ಹೊತ್ತು ನಮಾಜಿಗಿ ಎದ್ದು, ಬಾಗಿ, ಕುಂತು ನೋಡ್ರಿ. ಆರನೇ ಹೊತ್ತಿಗಿ ನಿದ್ದಿ ಕರೀದೇನ ಬರ್ತದ. ನೀವು ಹಗಲಾಗ ಮಲಗಂಗಿಲ್ಲ ಹೌದಿಲ್ಲೋ?"

"ಛೇ, ಇಲ್ಲಪ್ಪ!" ಎಂದೆ. ಸೂಜಿಯ ಮೇಲಿಂದ ಒಮ್ಮೆ ನನ್ನ ಕಡೆ ನೋಡಿದಳು. ನಾನು ದಾರದ ಉಂಡೆಯ ಬಣ್ಣ ಚೆನ್ನಾಗಿದೆ ಎಂದೆ.

ನಮ್ಮ ಮಾಳಿಗೆಯ ಮೇಲೆ ನಿಂತರೆ ಬುದ್ಧ ಮಲಗಿದ ಗುಡ್ಡ ಕಾಣುತ್ತದಲ್ಲ, ನಾಲ್ಕು ಬಂಡೆ ಸೇರಿ ಹಣೆ, ಮೂಗು, ಎದೆ ಎಲ್ಲ ಆಗಿರುವುದು. ಆ ದಿನಗಳಲ್ಲಿ ಹಪ್ಪಳ ಒಣಗಿಸುತ್ತ ಅದನ್ನೇ ನೋಡುತ್ತಿದ್ದೆ. ಅಷ್ಟು ಧ್ಯಾನ ಮಾಡಿದವನು ಕಡೆಗೆ ಎಷ್ಟು ನಿಶ್ಚಿಂತೆಯಿಂದ ಮಲಗಿದ್ದಾನೆ! ಬಿಸಿಲು, ಲಾರಿ, ಲಗ್ನದ ಬ್ಯಾಂಡು, ಯಾವುದಕ್ಕೂ ಮಗ್ಗುಲು ಬದಲಿಸಿಲ್ಲ. ಯಾವ ಹೊತ್ತಿಗೆ ಧ್ಯಾನಕ್ಕೆ ಕೂಡುತ್ತಿದ್ದ ಎಂಬುದನ್ನು ಮಾತ್ರ ಯಾರಿಗೂ ಹೇಳಿದ ಹಾಗಿಲ್ಲ. ಅವನ ಹಿಂದೆಯೂ ಒಬ್ಬ ನಿರ್ಮಲಾ ಬಿದ್ದಿದ್ದಳೋ ಏನೋ.

ಮೂರು ಹೊತ್ತು ಮುಗಿದವು. ಉಳಿದದ್ದು ಒಂದೇ. ಒಂದು ದಿನ ಪಲ್ಯಕ್ಕೆ ಒಗ್ಗರಣೆ ಹಾಕುತ್ತ ನಿಮ್ಮವ್ವ ಹೇಳಿದಳು: "ಮುಂಜಾನಿನ ಚಲೋ ಅತ್ತಿ. ನಿಮ್ಮ ಪೂಜಿ ಮುಗದ ಮ್ಯಾಲ ಹೆಂಗೂ ಅರ್ಧ ತಾಸು ಕಣ್ಣು ಮುಚ್ಚಿ ಕೂಡ್ತೀರಿ. ನಾಳಿಂದ ನಾನೂ ಬಾಜೂಕ ಕೂಡ್ತೀನಿ. ಸರಿಯಾಗಿ ಮಾಡ್ತೀರೋ ಇಲ್ಲೋ ನೋಡ್ತೀನಿ."

ನಾನು ಹಾಕಿದ್ದ ರೊಟ್ಟಿ ಹಂಚಿನ ಮೇಲೆಯೇ ಕಪ್ಪಾಯಿತು. ಐವತ್ತು ವರ್ಷ ಕಾಪಾಡಿಕೊಂಡು ಬಂದ ಅರ್ಧ ಗಂಟೆ! ಪಕ್ಕದಲ್ಲಿ ಕುಳಿತರೆ ಗೊರಕೆ ಕೇಳಿಸದೆ ಇರುತ್ತದೆಯೇ? ನಾಳೆ ನಿಮ್ಮಪ್ಪನ ಕಿವಿಗೆ ಬಿದ್ದರೆ, ಓಣಿಗೆ ಗೊತ್ತಾದರೆ, ಸತ್ತ ನನ್ನ ಅತ್ತೆಯ ಮಾತು ಏನಾಗಬೇಕು? "ಎರಡು ಮಂದಿಗಿ ಖೋಲಿ ಸಣ್ಣದಾಗ್ತದವ್ವ" ಎಂದೆ. "ನಾ ಮೂಲ್ಯಾಗ ಕೂಡ್ತೀನಿ" ಎಂದಳು. "ನಿನಗ ಕೆಲಸದ ಗಡಿಬಿಡಿ" ಎಂದೆ. "ನಿಮಗಿಂತ ಕೆಲಸ ಹೆಚ್ಚಲ್ರಿ" ಎಂದಳು. ಇಂಥ ಒಳ್ಳೆಯ ಸೊಸೆಯ ಜೊತೆ ಜಗಳವಾಡುವುದು ಹೇಗೆ?

ಮರುದಿನ ಪೂಜೆ ಮುಗಿಸಿದೆ. ಅವಳು ಮೂಲೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ನಿದ್ದೆ ಬರಬಾರದೆಂದು ನಾನು ಒಳತೊಡೆ ಚಿವುಟಿಕೊಂಡೆ, ತವರಿನ ಓಣಿಯ ಮನೆಗಳನ್ನು ಒಂದೊಂದಾಗಿ ನೆನೆದೆ, ನಾಲಿಗೆ ಕಚ್ಚಿಕೊಂಡೆ. ಎಷ್ಟೋ ಹೊತ್ತಾದ ಮೇಲೆ ಎಲ್ಲಿಂದಲೋ ಸಣ್ಣ ಗೊರಕೆ ಕೇಳಿಸಿತು. ಶಿವನೇ, ಸಿಕ್ಕಿಬಿದ್ದೆ ಎಂದುಕೊಂಡೆ. ಆಮೇಲೆ ನೋಡಿದರೆ ನಾನು ಎಚ್ಚರವಾಗಿಯೇ ಇದ್ದೆ.

ಒಂದು ಕಣ್ಣು ತೆರೆದೆ. ನಿಮ್ಮವ್ವನ ತಲೆ ಗೋಡೆಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಕೆನ್ನೆಯ ಮೇಲೆ ಹಿಟ್ಟು ಹಾಗೆಯೇ ಇತ್ತು. ಐದಕ್ಕೆ ಎದ್ದು ನೀರು ತುಂಬಿ, ಅಡುಗೆ ಮಾಡಿ, ಮತ್ತೆ ಹಗಲೆಲ್ಲ ನಲವತ್ತು ಕೂಸುಗಳ ಮೂಗು ಒರೆಸಬೇಕಾದವಳು. ಅವಳು ಕುಳಿತದ್ದನ್ನು ನಾನು ಎಷ್ಟು ದಿನದಿಂದ ನೋಡಿರಲಿಲ್ಲ!

ಅಷ್ಟರಲ್ಲಿ ಸುರಪುರದ ಶಾಲೆಗೆ ಹೊರಟ ನಿಮ್ಮಪ್ಪನ ಕೂಗು: "ನಿರ್ಮಲಾ! ಏ ನಿರ್ಮಲಾ! ಬಸ್ಸಿಗಿ ಹೊತ್ತಾತು, ಕರವಸ್ತ್ರ ಎಲ್ಲದ?" ಕೂಗುತ್ತ ಬಾಗಿಲ ತನಕ ಬಂದೇಬಿಟ್ಟ. ಗಂಡಸು ಮಕ್ಕಳ ಮುಂದೆ ನಾನು ಎಂದೂ ದನಿ ಎತ್ತಿದವಳಲ್ಲ. ಆ ಹೊತ್ತು ಎಲ್ಲಿಂದ ಬಂತೋ, ಕಣ್ಣು ಮುಚ್ಚಿಕೊಂಡೇ ಅಂದೆ: "ಸುಮ್ಮ ನಿಂದ್ರೊ! ಆಕಿ ಧ್ಯಾನದಾಗ ಅದಾಳ. ಹಂತಾಕಿನ್ನ ಮಾತಾಡಸಬಾರದು. ಕರವಸ್ತ್ರ ನಿನ್ನ ಕಣ್ಣಿಗಿ ಕಾಣಂಗಿಲ್ಲೇನು?"

ನಿಮ್ಮಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದ.

ಅರ್ಧ ಗಂಟೆಯ ಮೇಲೆ ನಿಮ್ಮವ್ವ ಕಣ್ಣು ಬಿಟ್ಟಳು. ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಆಗ ತಾನೇ ಲೋಕಕ್ಕೆ ಮರಳಿದವಳ ಹಾಗೆ ನಿಧಾನವಾಗಿ ಕಣ್ಣು ತೆರೆದೆ. "ಹ್ಯಾಂಗಾತ್ರಿ ಅತ್ತಿ ನಿಮ್ಮದು?" ಎಂದು ಮೆಲ್ಲಗೆ ಕೇಳಿದಳು. "ಭಾಳ ಆಳಕ್ಕ ಹೋಗಿದ್ದೆವ್ವ. ನಿಂದು?" ಎಂದೆ. "ನಂದೂ..." ಎಂದು ಸೆರಗು ಸರಿಮಾಡಿಕೊಂಡಳು. ಅಂದಿನಿಂದ ಒಳಗಿನ ಚಿಲಕವನ್ನು ಅವಳೇ ಹಾಕುತ್ತಾಳೆ.

ಈಗ ದಿನಾ ಅವಳು ಮಲಗುತ್ತಾಳೆ, ನಾನು ಕಾವಲು ಕೂಡುತ್ತೇನೆ. ಹಗಲಿನ ನಿದ್ದೆ ತಪ್ಪಿದ ಮೇಲೆ ರಾತ್ರಿ ದಿಂಬಿಗೆ ತಲೆ ಕೊಟ್ಟರೆ ನನಗೆ ಬೆಳಗೇ ಕಾಣುವುದು. "ನೋಡ್ರಿ, ಮುಂಜಾನಿ ಧ್ಯಾನ ಮಾಡಿಸಿ ನಮ್ಮತ್ತಿಗಿ ನಿದ್ದಿ ತರಿಸೀನಿ" ಎಂದು ನಿಮ್ಮವ್ವ ಓಣಿಗೆಲ್ಲ ಹೇಳಿದ್ದಾಳೆ. ನೀಲಮ್ಮ ತನ್ನ ಅತ್ತೆಯನ್ನೂ ಕಳಿಸಲೇ ಎಂದು ಕೇಳುತ್ತಿದ್ದಾಳೆ. ಖೋಲಿ ಸಣ್ಣದು ಎಂದು ನಾವಿಬ್ಬರೂ ಒಂದೇ ಬಾಯಿಂದ ಹೇಳಿದೆವು.

ಇದನ್ನೂ ಕಾವಲಿನ ಹೊತ್ತಿನಲ್ಲೇ, ಐದು ದಿನ, ದಿನಕ್ಕಿಷ್ಟು ಬರೆದೆ. ಇಂದು ಬರೆಯುತ್ತಿದ್ದಾಗ ಸ್ವಲ್ಪ ಕಣ್ಣು ಎಳೆದ ಹಾಗಾಯಿತು. ಈ ಹಾಳೆಯ ನಡುವೆ ಪೆನ್ನಿನ ಗೆರೆ ಅಡ್ಡಾದಿಡ್ಡಿ ಇಳಿದು ಅಂಚು ದಾಟಿರುವುದನ್ನು ನೋಡಿದರೆ ನಿಮಗೇ ತಿಳಿಯುತ್ತದೆ. ಎಚ್ಚರವಾದಾಗ ಬರೆದ ಹಾಳೆಗಳೆಲ್ಲ ಒಂದರ ಮೇಲೊಂದು ಓರಣವಾಗಿ ಜೋಡಿಸಿದ್ದವು, ಅವುಗಳ ಮೇಲೆ ನನ್ನ ಕನ್ನಡಕ ಮಡಿಸಿ ಇಟ್ಟಿತ್ತು. ನಿಮ್ಮವ್ವ ಆಗಲೇ ಎದ್ದು ಹೋಗಿದ್ದಳು. ಹೊರಗೆ ನಿಮ್ಮಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು: "ಒದರಬ್ಯಾಡ್ರಿ, ಅತ್ತಿ ಧ್ಯಾನದಾಗ ಅದಾರ."

ಎಷ್ಟು ಓದಿದಳೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದ್ದರಿಂದ ಮಕ್ಕಳೇ, ಈ ಹಾಳೆಗಳನ್ನು ಅವಳಿಂದ ಬಚ್ಚಿಡಬೇಕೆಂಬ ಚಿಂತೆ ಇನ್ನು ನಿಮಗೆ ಬೇಡ. ನಿಮ್ಮಪ್ಪನ ಕೈಗೆ ಮಾತ್ರ ಸಿಗದಂತೆ ಜ್ವಾಕೆಯಿಂದ ಇಟ್ಟುಕೊಳ್ಳಿರಿ.