ಆದವಾನಿಯಲ್ಲಿ ಕಳೆದ ಕ್ರಿಯಾಪದಗಳು

ಬಿಳಿಯರ ಆಳ್ವಿಕೆ ಇನ್ನೂ ಮುಗಿಯದ ಕಾಲದಲ್ಲಿ ನಾನು ಆದವಾನಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮ ಕಡೆ ‘ಇವನು ನನ್ನ ತಮ್ಮ’ ಅಂದರೆ ಮಾತು ಮುಗಿಯಿತು. ಕನ್ನಡದಲ್ಲೂ ಸರಿ, ತೆಲುಗಿನಲ್ಲೂ ಸರಿ. ಇಂಗ್ಲಿಷಿನಲ್ಲಿ ಮಾತ್ರ ನಡುವೆ ಒಂದು ‘ಈಜ್’ ಕೂರಿಸದಿದ್ದರೆ ತಮ್ಮ ತಮ್ಮನಾಗುವುದಿಲ್ಲ. ಹೀಗಾಗಿ ವಾಕ್ಯ ತಿದ್ದುವ ಪೀರಿಯಡ್ಡು ಬಂತೆಂದರೆ ಏನಾದರೊಂದು ಆಗುತ್ತಲೇ ಇತ್ತು.

ಮಾರಿದ ಎತ್ತು

ಒಬ್ಬ ರೈತರ ಹುಡುಗ ‘ದಿ ಬುಲಕ್ ವಿಚ್ ಮೈ ಫಾದರ್ ಸೋಲ್ಡ್ ಇನ್ ಪತ್ತಿಕೊಂಡ’ ಎಂದು ಬರೆದು ಚುಕ್ಕೆ ಇಟ್ಟಿದ್ದ. ‘ನಮ್ಮಪ್ಪ ಪತ್ತಿಕೊಂಡದಲ್ಲಿ ಮಾರಿದ ಎತ್ತು’ ಎಂದಷ್ಟೇ ಆಯಿತು.

“ಕ್ರಿಯಾಪದ ಎಲ್ಲಿ?” ಅಂದೆ.

“ಸೋಲ್ಡ್ ಐತಲ್ರಿ ಸಾರ್.”

“ಅದು ನಿಮ್ಮಪ್ಪ ಮಾಡಿದ ಕೆಲಸ. ಎತ್ತು ಏನು ಮಾಡಿತು, ಅದನ್ನ ಹೇಳು.”

ಹುಡುಗ ನನ್ನ ಮೇಲೆಯೇ ಕನಿಕರಪಟ್ಟವನಂತೆ ಹೇಳಿದ: “ಮಾರಿದ ಮ್ಯಾಲೆ ಅದು ಏನ್ ಮಾಡೇತೋ ನಮಗ ಹೆಂಗ ಗೊತ್ತಾಗಬೇಕ್ರಿ? ಕೊಂಡಾವನ್ನ ಕೇಳಬೇಕು.”

ಹೂ ಯಾರಿಗೆ, ವಿಚ್ ಯಾರಿಗೆ

ಮನುಷ್ಯರಿಗೆ ‘ಹೂ’, ದನಕರುಗಳಿಗೆ ‘ವಿಚ್’ ಎಂದು ಒಂದು ವಾರ ಬಾಯಿಪಾಠ ಮಾಡಿಸಿದ್ದೆ. ಕೌತಾಳಂ ಕಡೆಯ ಒಬ್ಬ ಕುರಿ ಸಾಕುವವರ ಹುಡುಗ ತಮ್ಮ ಟಗರಿಗೆ ‘ಹೂ’ ಹಾಕಿದ್ದ, ಅಕ್ಕನ ಗಂಡನಿಗೆ ‘ವಿಚ್’ ಹಾಕಿದ್ದ. ಅದಲುಬದಲಾಗಿದೆ, ತಿದ್ದು ಅಂದೆ.

ಅವನು ಬಳಪ ಮುಟ್ಟಲಿಲ್ಲ. “ಸಾರ್, ನೀವು ನಮ್ಮ ಭಾವನ್ನ ನೋಡಿಲ್ಲ,” ಅಂದ.

ಬಾಗಿಲಲ್ಲಿ ನಿಂತವರು

ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಒಳ್ಳೆಯ ವರದಿ ಬರೆದರೆ ಉಂಟು, ಇಲ್ಲದಿದ್ದರೆ ಊರಿಗೆ ಹೋಗಿ ಹೊಲ ನೋಡಬೇಕು. ಅವರು ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಬೋರ್ಡಿನ ಮೇಲೆ ‘ದಿ ಮ್ಯಾನ್ ಹೂ ಈಜ್ ಸ್ಟ್ಯಾಂಡಿಂಗ್ ಅಟ್ ದಿ ಡೋರ್’ ಎಂದು ಬರೆದು, ಬೋರ್ಡಿನ ಕಡೆಗೇ ಮುಖಮಾಡಿ ಕೇಳಿದೆ: “ಬಾಗಿಲಲ್ಲಿ ನಿಂತ ಮನುಷ್ಯ. ಇಲ್ಲಿ ಏನೋ ಒಂದು ಇಲ್ಲ. ಏನಿಲ್ಲ, ಯಾರು ಹೇಳ್ತೀರಿ?”

ಮುಂದಿನ ಬೆಂಚಿನವನೊಬ್ಬ ಎದ್ದು, “ರುಮಾಲು ಇಲ್ರಿ ಸಾರ್,” ಅಂದ.

ತಿರುಗಿ ನೋಡಿದರೆ ಬಾಗಿಲಲ್ಲಿ ಇನ್‌ಸ್ಪೆಕ್ಟರು. ಶಾಲೆಯ ಜವಾನನಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರೂ ರುಮಾಲು ಸುತ್ತುವ ಊರಿಗೆ, ಅವರು ಮದರಾಸಿನ ಹೊಸ ರೀತಿಯಂತೆ ಬರಿತಲೆಯಲ್ಲಿ ಬಂದಿದ್ದರು. ಅವರು ತಲೆ ಸವರಿಕೊಂಡು “ಅದಿ ನಿಜಮೇ” ಎಂದು ತೆಲುಗಿನಲ್ಲಿ ಒಪ್ಪಿಕೊಂಡು ಒಳಗೆ ಬಂದು ಕೂತರು.

ನೌಕರಿ ಖಾಯಂ ಆಯಿತು. ‘ಹುಡುಗರ ದೃಷ್ಟಿ ಚುರುಕಾಗಿದೆ’ ಎಂದು ವರದಿಯಲ್ಲಿ ಬರೆದಿದ್ದರಂತೆ.

ಬಾವಿಯ ತಂತಿ

ಅರಳೆ ವ್ಯಾಪಾರದ ಸಾಹುಕಾರರೊಬ್ಬರು ಮಿಲ್ಲಿನ ದೊರೆಗಳ ಜೊತೆ ಮಾತಾಡಲಿಕ್ಕೆಂದು ಬೆಳಿಗ್ಗೆ ನನ್ನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದರು. ‘ಹೂ’ ಹಾಕಿ ಎರಡು ವಾಕ್ಯ ಬೆಸೆಯುವುದನ್ನು ಕಲಿತ ಮೇಲಂತೂ ಅವರಿಗೆ ಹೊಸ ಬಂಗಾರದುಂಗುರ ತೊಟ್ಟಷ್ಟು ಸಂತೋಷ.

ಆ ದಿನಗಳಲ್ಲೇ ಅವರ ತಂದೆಗೆ ಜ್ವರ ಬಂದು ಮನೆಯವರೆಲ್ಲ ಕಂಗಾಲಾಗಿದ್ದರು. ಜ್ವರ ಬಿಟ್ಟ ಕೂಡಲೇ ಸಾಹುಕಾರರು ಪತ್ತಿಕೊಂಡದಲ್ಲಿದ್ದ ತಂಗಿಗೆ ತಾವೇ ತಂತಿ ಬರೆದು ಕಳಿಸಿದರು: ‘ಫಾದರ್ ಹೂ ವಾಸ್ ಇಲ್ ನೌ ವೆಲ್.’ ಕಾಯಿಲೆಯಿದ್ದ ತಂದೆ ಈಗ ಆರಾಮ ಎಂಬುದು ಅವರ ಅರ್ಥ. ತಂತಿಯಲ್ಲಿ ಮಾತು ಕಡಿಮೆ ಇರಬೇಕೆಂದು ‘ಈಜ್’ ಬಿಟ್ಟಿದ್ದರು. ‘ಹೂ’ ಬಿಡಲು ಮನಸ್ಸಾಗಿರಲಿಲ್ಲ.

ಅಲ್ಲಿ ತಂತಿ ಓದಿಕೊಟ್ಟವರು ಆ ಊರಿನ ಲೆಕ್ಕಪತ್ರ ಬರೆಯುವ ಕರಣಂ. ಅವರಿಗೆ ‘ವೆಲ್’ ಅಂದರೆ ಬಾವಿ ಎಂಬುದೊಂದೇ ಗೊತ್ತು. “ತಂದೆಯವರು, ಯಾರು ಕಾಯಿಲೆ ಇದ್ದರೋ ಅವರು, ಈಗ ಬಾವಿ,” ಎಂದು ಓದಿದರು.

“ಬಾವ್ಯಾಗ ಬಿದ್ದಾರೇನ್ರಿ?” ಎಂದು ತಂಗಿ ಕೇಳಿದರಂತೆ.

“ಕ್ರಿಯಾಪದ ಇಲ್ಲಮ್ಮ. ಬಿದ್ದಾರೋ, ಬೀಳಾಕ ಹೊಂಟಾರೋ ತಿಳಿಯವಲ್ದು. ಲಗೂನ ಹೋಗೂದು ಚಲೋ.”

ಮಾರನೆಯ ದಿನ ನಾನು ಪಾಠ ಹೇಳುತ್ತಿದ್ದಾಗಲೇ ಗಾಡಿಯೊಂದು ದಡದಡ ಬಂದು ಮನೆ ಮುಂದೆ ನಿಂತಿತು. ತಂಗಿ, ಆಕೆಯ ಗಂಡ, ಜೊತೆಗೆ ಈಜು ಬಲ್ಲ ಇಬ್ಬರು ಆಳುಗಳು. ಒಬ್ಬನ ಹೆಗಲ ಮೇಲೆ ಹಗ್ಗದ ಸುರುಳಿ. ಇನ್ನೊಬ್ಬನ ಕೈಯಲ್ಲಿ ಬಾವಿಗೆ ಬಿದ್ದದ್ದನ್ನು ಮೇಲೆತ್ತುವ ಪಾತಾಳಗರಡಿ. ಮುದುಕರು ಕಟ್ಟೆಯ ಮೇಲೆ ಕೂತು ಜೋಳದ ರೊಟ್ಟಿ ಪುಂಡಿಪಲ್ಯ ತಿನ್ನುತ್ತಿದ್ದರು. ಮಗಳು ಓಡಿಬಂದು ಅವರ ಕಾಲು ಹಿಡಿದು ಅತ್ತರು. ಅತ್ತು ಮುಗಿದ ಮೇಲೆ ಒದ್ದೆಯಾಗಿದೆಯೇ ಎಂದು ಅಪ್ಪನ ಧೋತರ ಮುಟ್ಟಿ ನೋಡಿದರು.

ಅಳಿಯ ತಂತಿ ತೆಗೆದು ತೋರಿಸಿದ. ಸಾಹುಕಾರರು ನನ್ನ ಮುಖ ನೋಡಿದರು. ನಾನು ‘ನೌ’ ಮುಂದೆ ಬೆರಳಿಟ್ಟು, “ಇಲ್ಲಿ ಈಜ್ ಬೇಕಿತ್ತು,” ಅಂದೆ.

“ಈಜು ಬರೋರನ್ನ ಕರಕೊಂಡೇ ಬಂದೀವಲ್ರಿ,” ಅಂದ ಅಳಿಯ.

ಮುದುಕರು ಎಲ್ಲವನ್ನೂ ಕೇಳಿಸಿಕೊಂಡು, ಬಾಯಲ್ಲಿದ್ದ ತುತ್ತು ನಿಧಾನವಾಗಿ ನುಂಗಿದರು. “ಬಾವಿಗೆ ಬಿದ್ದ ಸುದ್ದಿ ನನಗ ಯಾರೂ ಹೇಳಲೇ ಇಲ್ಲ,” ಅಂದರು. ಆಮೇಲೆ ಹಗ್ಗ, ಗರಡಿ, ಆಳುಗಳನ್ನು ಒಂದು ಸಲ ನೋಡಿ, “ಇರ್ಲಿ. ಬಂದದ್ದು ಬಂದೀರಿ, ಮೊನ್ನೆ ಸೊಸಿ ತಾಮ್ರದ ಕೊಡ ಬಾವ್ಯಾಗ ಬಿಟ್ಟಾಳ. ಅದನ್ನರ ತೆಗದು ಕೈಕಾಲು ತೊಳಕೊಳ್ರಿ, ಊಟ ಮಾಡೂಣು,” ಅಂದರು.