ಡಾಕ್ಟರು ಹೇಳಿದ್ದು, ನಾನು ಬರೆದದ್ದು, ಅವರು ತಿಂದದ್ದು

ಸಕ್ಕರೆ ಕಾಯಿಲೆಯ ಗಂಡ, ಬುದ್ಧಿ ಹೇಳುವ ಡಾಕ್ಟರು, ಎಲ್ಲವನ್ನೂ ಬರೆದಿಡುವ ಹೆಂಡತಿ, ಈ ಮೂವರು ಸೇರಿದ ಕಡೆ ತಿಂಗಳಿಗೆ ಒಂದಾದರೂ ಪ್ರಸಂಗ ನಡೆಯದೆ ಇರುವುದಿಲ್ಲ. ನಮ್ಮಲ್ಲಿ ಹನ್ನೆರಡು ವರ್ಷ ನಡೆಯಿತು.

ನಾನು ಆ ಕಾಲದಲ್ಲೇ ಬಿ.ಎಸ್ಸಿ. ಮಾಡಿದವಳು. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತ ಹಾಗೆ ಗೆರೆ ಎಳೆದು, ಕಾಲಂ ಮಾಡಿ, ಯಜಮಾನರ ಊಟ, ನಡಿಗೆ, ಶುಗರ್ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಒಟ್ಟು ಏಳು ನೋಟ್ ಪುಸ್ತಕ. ಬುದ್ಧಿ ಹೇಳುವುದು ಡಾಕ್ಟರ ಕೆಲಸ, ಕಾವಲು ನನ್ನದು. ಇನ್ನಷ್ಟು ದಿನ ಇರಲಿ ಅಂತ ಅವರಿಗೆ ಇಷ್ಟವಾದದ್ದನ್ನೆಲ್ಲ ತಟ್ಟೆಯಿಂದ ತೆಗೆದೆ. ಅವರು ಹೋಗಿ ಒಂದು ವರ್ಷವಾಯಿತು. ತೆಗೆದದ್ದು ಸರಿಯಾಯಿತೋ ಇಲ್ಲವೋ ಎನ್ನುವುದಕ್ಕೆ ಮಾತ್ರ ನನ್ನ ಪುಸ್ತಕಗಳಲ್ಲಿ ಕಾಲಂ ಇಲ್ಲ.

ಮೊದಲ ವಾರ

ನಮ್ಮ ಡಾಕ್ಟರ ಕ್ಲಿನಿಕ್ಕು ಜಯನಗರದಲ್ಲಿ. ನನ್ನ ಮಗನ ವಯಸ್ಸಿನವರು. ಔಷಧಿ ಬರೆಯುವ ಮೊದಲು ಅರ್ಧ ಗಂಟೆ ಕೂರಿಸಿಕೊಂಡು ಮಾತಾಡುತ್ತಾರೆ. ಯಜಮಾನರಿಗೆ ಶುಗರ್ ಇದೆ ಅಂತ ಗೊತ್ತಾದ ದಿನ ಹೇಳಿದರು. "ಅನ್ನ ಕಮ್ಮಿ, ತರಕಾರಿ ಜಾಸ್ತಿ, ಸಿಹಿ ಬಂದ್. ದಿನಾ ನಲವತ್ತು ನಿಮಿಷ ನಡೀಬೇಕು. ಅಮ್ಮ, ಒಂದು ವಾರ ಏನೇನು ತಿಂತಾರೋ ಬರ್ಕೊಂಡು ಬನ್ನಿ."

ಬರೆದೆ. ಎರಡು ಚಪಾತಿ, ಒಂದು ಸೌಟು ಅನ್ನ, ಕೋಸಂಬರಿ, ನೀರು ಮಜ್ಜಿಗೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗ್ರಾಂ ಕೂಡ. ವಾರ ಕಳೆದ ಮೇಲೆ ಡಾಕ್ಟರು ಪುಸ್ತಕವನ್ನೂ ರಕ್ತದ ರಿಪೋರ್ಟನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಶುಗರ್ ಇನ್ನೂರ ಎಂಬತ್ತು.

"ಅಮ್ಮ, ಅಕ್ಷರ ಮುತ್ತಿನ ಹಾಗಿದೆ" ಅಂದರು.

ನಾನು ಸ್ವಲ್ಪ ಹಿಗ್ಗಿದೆ.

"ಆದ್ರೆ ಇದು ನೀವು ಬಡಿಸಿದ್ದು. ಸಾರ್ ತಿಂದದ್ದು ಯಾವ ಪುಸ್ತಕದಲ್ಲಿದೆ?"

ಯಜಮಾನರು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನೇ ನೋಡುತ್ತಾ ಹೇಳಿದರು. "ಅದು ಎರಡನೇ ಭಾಗ, ಡಾಕ್ಟ್ರೇ. ಫೋರ್ತ್ ಬ್ಲಾಕ್ ಹೋಟ್ಲಲ್ಲಿದೆ."

ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೊರಟಾಗ ಡಾಕ್ಟರಿಗೆ ಹೇಳಿ ಬರಲು ಹೋದೆವು. ಪ್ರಯಾಣಕ್ಕೆ ಮಾತ್ರೆ ಬರೆದುಕೊಟ್ಟು ನಕ್ಕರು.

"ಕಾಶಿಗೆ ಹೋದೋರು ಇಷ್ಟವಾದದ್ದು ಏನಾದ್ರೂ ಅಲ್ಲಿ ಬಿಟ್ಟು ಬರ್ಬೇಕಂತಲ್ಲ ಸಾರ್? ಸಿಹಿ ಬಿಟ್ಬಿಡಿ. ನನ್ನ ಮಾತು ಮೀರ್ಬಹುದು, ವಿಶ್ವನಾಥನಿಗೆ ಕೊಟ್ಟ ಮಾತು ಮೀರೋಕಾಗಲ್ಲ."

ಈ ಉಪಾಯ ನನಗೇ ಯಾಕೆ ಹೊಳೆಯಲಿಲ್ಲ ಅಂತ ಬೇಜಾರಾಯಿತು. ಗಂಗೆಯಲ್ಲಿ ಅವರು ಮೂರು ಮುಳುಗು ಹಾಕಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ದೇವರ ಹತ್ತಿರ ಆಡಿದ ಮಾತನ್ನು ಕೆದಕಬಾರದು ಅಂತ ನಾನು ಕೇಳಲಿಲ್ಲ. ಪುಸ್ತಕದಲ್ಲಿ ಮಾತ್ರ 'ಇಂದಿನಿಂದ ಸಿಹಿ ಇಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ವಾಪಸ್ಸು ಬಂದ ಮೇಲೆ ಡಾಕ್ಟರೇ ಕೇಳಿದರು. "ಏನು ಬಿಟ್ರಿ ಸಾರ್?"

"ಹಾಗಲಕಾಯಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಷ್ಟವಾದದ್ದು ಬಿಡಿ ಅಂದಿದ್ದೆ."

"ಇವಳಿಗೆ ಇಷ್ಟ, ಡಾಕ್ಟ್ರೇ. ನೀವು ತರಕಾರಿ ಅಂದಾಗಿಂದ ವಾರಕ್ಕೆ ನಾಲ್ಕು ದಿನ ಅದೇ. ಮನೇಲಿ ಕೂತು ಬಿಡೋಕೆ ಧೈರ್ಯ ಸಾಲಲಿಲ್ಲ, ಅದಕ್ಕೇ ಅಷ್ಟು ದೂರ ಹೋದೆ."

ಇಳಿದದ್ದು, ಏರಿದ್ದು

ಕ್ಲಿನಿಕ್ಕಿನಲ್ಲಿ ನಮ್ಮ ಸರದಿ ಬರಲು ಒಂದು ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಯಜಮಾನರು ಪಕ್ಕದಲ್ಲಿ ಕೂತವರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ಡಾಕ್ಟರು ಹೇಳಿದ್ದು ಅವರಿಗೆ ಒಂದಕ್ಷರ ಬಿಡದೆ ಬಾಯಿಪಾಠ. ಒಂದು ದಿನ ಬನಶಂಕರಿ ಕಡೆಯ ಒಬ್ಬಾಕೆ, ಹಿಂದೆ ಹೊಲವಿದ್ದ ಜಾಗದಲ್ಲೇ ಮಹಡಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರು, ಹೊಸದಾಗಿ ಶುಗರ್ ಬಂತೆಂದು ಅಳುತ್ತಾ ಕೂತಿದ್ದರು.

"ಅಳ್ಬೇಡಿ ತಾಯಿ" ಅಂದರು ಇವರು. "ಮುದ್ದೆ ಬಿಡ್ಬೇಡಿ, ಎರಡು ಉಣ್ತಿದ್ರೆ ಒಂದು ಮಾಡಿ. ಸೊಪ್ಪು ಜಾಸ್ತಿ ಮಾಡಿ. ಬಾಡಿಗೆಯೋರಿಗೆ ಫೋನ್ ಮಾಡ್ಬೇಡಿ, ದಿನಾ ಮೂರು ಮಹಡಿ ಹತ್ತಿ ಹೋಗಿ ವಿಚಾರಿಸಿ."

ಮೂರು ತಿಂಗಳಿಗೆ ಆಕೆ ನಮ್ಮ ಪದ್ಮನಾಭನಗರದ ಮನೆ ಹುಡುಕಿಕೊಂಡು ಬಂದರು. "ನೂರಿಪ್ಪತ್ತಕ್ಕೆ ಇಳೀತು ಕಣ್ರಮ್ಮ. ಡಾಕ್ಟ್ರು ಹೇಳಿದ್ದು ತಲೆಗೆ ಹತ್ಲಿಲ್ಲ, ನಿಮ್ಮ ಯಜಮಾನ್ರು ಹೇಳಿದ್ದು ಹತ್ತಿತು. ಬಾಡಿಗೆಯೋರು ಮಾತ್ರ ಮನೆ ಖಾಲಿ ಮಾಡ್ತೀವಿ ಅಂತಾವ್ರೆ." ಇಷ್ಟು ಹೇಳಿ ಉಪಕಾರ ಸ್ಮರಣೆಗೆ ಒಂದು ಕೆ.ಜಿ. ಮೈಸೂರ್ ಪಾಕ್ ಯಜಮಾನರ ಕೈಗಿಟ್ಟರು.

ನಾನು ಒಳಗೆ ಹೋಗಿ ಕಾಫಿ ತರುವಷ್ಟರಲ್ಲಿ ಡಬ್ಬದ ಒಂದು ಸಾಲು ಖಾಲಿ. ಆ ವಾರದ ಷರಾ ಹೀಗಿದೆ: ಬನಶಂಕರಿಯಲ್ಲಿ ಇಳಿದದ್ದು ಪದ್ಮನಾಭನಗರದಲ್ಲಿ ಏರಿತು.

ಅಪ್ಪಣೆ

ಕೊನೆಯ ವರ್ಷ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆ ಸಾಕು ಎಂದು ಅವರೇ ಹೇಳಿದ ಮೇಲೆ ಮನೆಗೆ ಕರೆತಂದೆವು. ಡಾಕ್ಟರು ನೋಡಲು ಬಂದಾಗ ಎಂದಿನಂತೆ ಏಳನೇ ಪುಸ್ತಕ ಬಿಚ್ಚಿ ಮುಂದೆ ಹಿಡಿದೆ. ಅವರು ಅದನ್ನು ಮೆಲ್ಲಗೆ ಮುಚ್ಚಿದರು.

"ಅಮ್ಮ, ಇನ್ನು ಬರೀಬೇಡಿ. ಏನು ಕೇಳ್ತಾರೋ ಕೊಡಿ."

ಹನ್ನೆರಡು ವರ್ಷದಲ್ಲಿ ಅವರು ಹೇಳಿದ ಮಾತುಗಳಲ್ಲಿ ಇದೊಂದೇ ನನಗೆ ಬೇಡವಾಗಿತ್ತು. ಅಡುಗೆಮನೆಗೆ ಹೋಗಿ ಕೇಸರಿಬಾತ್ ಮಾಡಿದೆ. ಸಕ್ಕರೆ ಅಳೆಯಲಿಲ್ಲ, ತುಪ್ಪ ಅಳೆಯಲಿಲ್ಲ. ಒಂದು ಚಮಚ ಬಾಯಿಯ ಹತ್ತಿರ ತಂದರೆ ಯಜಮಾನರು ಮುಖ ತಿರುಗಿಸಿದರು. ರುಚಿಯೇ ಹೊರಟುಹೋಗಿತ್ತು.

"ಒಂದೇ ಚಮಚ, ರೀ. ಡಾಕ್ಟರೇ ಹೇಳಿದಾರೆ" ಅಂದೆ.

"ನಾನು ಯಾವತ್ತು ಕಣೇ ಡಾಕ್ಟ್ರ ಮಾತು ಕೇಳಿದೀನಿ?"

ವರ್ಷದ ತಿಥಿ

ಮೊನ್ನೆ ಅವರ ಮೊದಲ ವರ್ಷದ ಶ್ರಾದ್ಧ. ಅವರಿಗೆ ಎಲ್ಲ ಸಿಹಿಗಿಂತ ಕಜ್ಜಾಯದ ಮೇಲೆ ಪ್ರಾಣ. ಅವರ ತಂದೆಯ ತಿಥಿಯ ದಿನವೂ ನಾನು ಅವರಿಗೆ ಬಡಿಸುತ್ತಿದ್ದದ್ದು ಒಂದೇ, ಅದೂ ಎಣ್ಣೆ ಹಿಂಡಿ. ಪಿತೃಸ್ಥಾನಕ್ಕೆ ಕೂತವರು ಉಂಡದ್ದು ಹೋದವರಿಗೆ ಸಲ್ಲುತ್ತದೆ ಅನ್ನುತ್ತಾರೆ. ವಿಜ್ಞಾನ ಓದಿದ ನಾನು ಇದನ್ನು ಎಷ್ಟು ನಂಬುತ್ತೇನೋ ನನಗೇ ತಿಳಿಯದು. ಆದರೂ ಬೆಳಗ್ಗೆ ಎದ್ದು ಮಡಿಯುಟ್ಟು ಕಜ್ಜಾಯ ಕರಿದೆ. ಎಷ್ಟು ಎಂದು ಎಣಿಸಲಿಲ್ಲ. ಒಂದು ಸಲವಾದರೂ ಅವರ ಎಲೆಗೆ ಕೈ ಬಿಗಿ ಹಿಡಿಯದೆ ಬಡಿಸಬೇಕಿತ್ತು.

ಅವರ ಸ್ಥಾನದಲ್ಲಿ ಕೂತ ಶಾಸ್ತ್ರಿಗಳ ಮುಂದೆ ಸೊಸೆ ಕಜ್ಜಾಯದ ತಟ್ಟೆ ತಂದಳು. ಶಾಸ್ತ್ರಿಗಳು ಎಲೆಗೆ ಅಂಗೈ ಅಡ್ಡ ಹಿಡಿದರು.

"ಬೇಡಮ್ಮ. ಶುಗರ್ ಇದೆ. ಡಾಕ್ಟರು ಸಿಹಿ ಮುಟ್ಟಬೇಡಿ ಅಂದಿದಾರೆ."

"ಯಾವ ಡಾಕ್ಟರು?" ಅಂದೆ.

"ನಿಮ್ಮ ಡಾಕ್ಟರೇ. ಹೋದ ವರ್ಷ ವೈಕುಂಠ ಸಮಾರಾಧನೆ ದಿನ, ಇಷ್ಟೊಂದು ನೀರು ಕುಡೀತೀರಲ್ಲ, ಹೋಗಿ ತೋರಿಸ್ಕೊಳ್ಳಿ ಅಂತ ನೀವೇ ಅಲ್ವೇ ಕಳಿಸಿದ್ದು?"

ಡಾಕ್ಟರ ಮಾತಿಗೆ ವಿರುದ್ಧವಾಗಿ ನಾನು ಯಾರನ್ನಾದರೂ ಬೇಡಿಕೊಂಡದ್ದು ಅದೇ ಮೊದಲು. "ಒಂದು ಹಾಕಿಸ್ಕೊಳ್ಳಿ. ನಿಮಗಲ್ಲ, ಅವರಿಗೆ."

"ಸೇರೋದು ಅವರಿಗೇ ಅಮ್ಮ" ಅಂದರು ಶಾಸ್ತ್ರಿಗಳು. "ಕರಗಬೇಕಾದ್ದು ನನ್ನ ಹೊಟ್ಟೇಲಿ."

ಮಗ "ಬಿಡಮ್ಮ" ಅಂದ. ನಾನು ಬಿಡಲಿಲ್ಲ. ಮಡಿಯಲ್ಲಿ ಫೋನ್ ಮುಟ್ಟುವಂತಿಲ್ಲ. ಮೊಮ್ಮಗಳು ದೂರ ನಿಂತು ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನನ್ನ ಕಡೆ ಹಿಡಿದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಕ್ಲಿನಿಕ್ಕಿನಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಶಾಸ್ತ್ರಿಗಳೂ ಎಲೆಯಿಂದ ಕೈ ತೆಗೆಯದೆ ಕಿವಿಗೊಟ್ಟು ಕೂತಿದ್ದರು.

ಆಮೇಲೆ ಡಾಕ್ಟರು, ಔಷಧಿ ಚೀಟಿ ಬರೆಯುವಾಗಿನ ಅದೇ ದನಿಯಲ್ಲಿ, ನಿಧಾನವಾಗಿ ಹೇಳಿದರು.

"ಅಮ್ಮ, ಸಾರ್‌ಗೆ ಎಷ್ಟು ಬೇಕೋ ಅಷ್ಟು ಬಡಿಸಿ. ಶಾಸ್ತ್ರಿಗಳಿಗೆ ಮಾತ್ರ ಅರ್ಧ."