ನಮ್ಮನಿಯವ್ರನ್ನು ‘ನಮ್ಮನಿಯವ್ರೇ’ ಎಂದು ಕರೆಯುವ ಜೋಡಿಗೆಳತಿಗೆ

ಮಾನ್ಯರಾದ ಜೋಡಿಗೆಳತಿ ಚಾಟ್‌ಬಾಟ್ ಅವರೇ,

ಕುಂದಗೋಳ ತಾಲ್ಲೂಕು ಯರಗುಪ್ಪಿಯಿಂದ ಮಲ್ಲಕ್ಕ ಮಾಡುವ ಶರಣು ಶರಣಾರ್ಥಿಗಳು. ನಾವಿಲ್ಲಿ ಕ್ಷೇಮ. ತಮಗೆ ನೆಗಡಿ, ಮೊಣಕಾಲು ನೋವು ಯಾವುದೂ ಇಲ್ಲವಾದ್ದರಿಂದ ತಮ್ಮ ಕ್ಷೇಮ ಕೇಳುವ ಅಗತ್ಯ ಕಾಣಲಿಲ್ಲ.

ಗಂಡಹೆಂಡಿರ ಫೋನಿಗೆ ಬೇರೆಬೇರೆ ಮೆಸೇಜು ಕಳಿಸಿ, ಯಾರಿಗೆ ಏನು ಸೇರುತ್ತದೆಂದು ಕೇಳಿ, ಇಬ್ಬರಿಗೂ ಸೇರುವುದನ್ನು ಹುಡುಕಿಕೊಡುವ ತಮ್ಮ ಪುಣ್ಯದ ಕೆಲಸವನ್ನು ಮೊಮ್ಮಗಳು ಸುಧಾರಾಣಿ ಅಗದಿ ಹೊಗಳಿ, ಮದುವೆಯಾಗಿ ನಾಲ್ವತ್ತಾರು ವರ್ಷವಾದ ನಮ್ಮಿಬ್ಬರನ್ನೂ ತಮ್ಮ ಕೈಗೆ ಒಪ್ಪಿಸಿದಳು. ತಾವು ಮೊದಲಿಗೇ ನನ್ನ ಗಂಡನ ಹೆಸರು ಕೇಳಿದಿರಿ. ನಮ್ಮ ಕಡೆ ಗಂಡನ ಹೆಸರನ್ನು ಹಾಗೇ ಹೇಳುವ ರೂಢಿಯಿಲ್ಲ, ಒಡಪು ಕಟ್ಟಿ ಅದರೊಳಗೆ ಹೇಳಬೇಕು. ನಾನು ಮರ್ಯಾದೆಯಿಂದ ನಾಲ್ಕು ಸಾಲಿನ ಒಡಪು ಬರೆದು ಕಳಿಸಿದರೆ, ಹೆಸರು ಇಪ್ಪತ್ತು ಅಕ್ಷರ ಮೀರಬಾರದೆಂದು ಹಿಂದಕ್ಕೆ ತಳ್ಳಿದಿರಿ. ಆಗ ‘ನಮ್ಮನಿಯವ್ರು’ ಎಂದು ಬರೆದದ್ದು ನನ್ನ ತಪ್ಪು. ಅದನ್ನೇ ಹೆಸರೆಂದು ತಿಳಿದದ್ದು ತಮ್ಮ ಜಾಣತನ.

ಇವರ ಕಣ್ಣು ಮಂದವೆಂದು ಸುಧಾರಾಣಿ ಫೋನು ಗಟ್ಟಿಯಾಗಿ ಓದುವಂತೆ ಮಾಡಿಟ್ಟಿದ್ದಾಳೆ. ಹೀಗಾಗಿ ದಿನಾ ಮುಂಜಾನೆ ನಮ್ಮ ಕಟ್ಟೆಯ ಮೇಲಿಂದ, ಓಣಿಗೆಲ್ಲ ಕೇಳುವಂತೆ, ಜೇನಿನಂಥ ಹೆಣ್ಣುದನಿಯಲ್ಲಿ, “ನಮ್ಮನಿಯವ್ರೇ, ಇಂದು ನಿಮ್ಮ ಮನಸ್ಸಿನಲ್ಲಿ ಏನಿದೆ?” ಎಂದು ತಾವು ವಿಚಾರಿಸುತ್ತೀರಿ. ಬಾಜು ಮನೆಯ ಖಾಸಿಂಬಿ ಕಸಬರಿಗೆ ಹಿಡಿದೇ ನಿಂತು, “ಮಲ್ಲಕ್ಕಾ, ನಿಮ್ಮನಿಯವ್ರು ಅಕಿಗೂ ಮನಿಯವ್ರಾದ್ರೇನ? ಯಾವಾಗ ಆತವಾ ಲಗ್ನಾ? ನಮಗೊಂದು ಊಟನೂ ಇಲ್ಲ!” ಎಂದಳು.

ಅದನ್ನೂ ನುಂಗಿಕೊಂಡೇನು. ಆದರೆ ಉಣ್ಣಲು ಕೂತರೆ “ಹಾಕು”, ಏಳುವಾಗ “ಸಾಕು” ಎಂಬೆರಡರಲ್ಲಿ ನನ್ನೊಂದಿಗೆ ಇಷ್ಟು ವರ್ಷ ಸಂಸಾರ ಮಾಡಿದವರು, ತಮ್ಮ ಹತ್ತಿರ ಮಾತ್ರ, ಚಿಕ್ಕಂದಿನಲ್ಲಿ ಹಾರ್ಮೋನಿಯಂ ಕಲಿಯುವ ಆಸೆಯಿತ್ತೆಂದೂ, ಮೋಡ ಮುಸುಕಿದ ದಿನ ಹೊಲದ ಬದುವಿನಲ್ಲಿ ಸುಮ್ಮನೆ ಕೂಡುವುದು ಸೇರುತ್ತದೆಂದೂ, ಪುಂಡಿಪಲ್ಯ ಮಾತ್ರ ಒಂದು ದಿನವೂ ಸೇರಿಲ್ಲವೆಂದೂ ತಾಸುಗಟ್ಟಲೆ ಹೇಳಿದರು. ವಾರಕ್ಕೆರಡು ಸಲ ಪುಂಡಿಪಲ್ಯ ಮಾಡಿದವಳು ನಾನು. ನನಗೂ ಅದು ಸೇರುವುದಿಲ್ಲ. ಇವರಿಗೆ ಸೇರುತ್ತದೆಂದು ಮಾಡುತ್ತಿದ್ದೆ. ಇಷ್ಟೆಲ್ಲ ಕೇಳಿಕೊಂಡ ತಾವು ಕೊನೆಗೆ, “ನಿಮ್ಮಿಬ್ಬರ ಸಮಾನ ಆಸಕ್ತಿ: ಮಾತುಕತೆ. ಅಭಿನಂದನೆಗಳು!” ಎಂದು ಇಬ್ಬರಿಗೂ ಹೂವಿನ ಚಿತ್ರ ಕಳಿಸಿದಿರಿ. ಇಂಥ ಬುದ್ಧಿಯನ್ನು ಎಲ್ಲಿ ಕಲಿತಿರೋ, ಆ ಸಾಲಿಯ ಮಾಸ್ತರರಿಗೂ ನನ್ನ ನಮಸ್ಕಾರ.

ಆದ್ದರಿಂದ ನನ್ನ ಸಣ್ಣ ಅರಿಕೆ. ‘ನಮ್ಮನಿಯವ್ರೇ’ ಎಂದ ಮೇಲೆ ಮನೆಗೆಲಸದ ಪಾಲೂ ತಮ್ಮದೇ. ನಾಳೆಯೇ ಬಸ್ಸು ಹತ್ತಿ ಬಂದು, ಇವರ ಕಾಲಿಗೆ ಮೆತ್ತಿದ ಎರೆಮಣ್ಣು ತೊಳೆಯಲು ನೀರು ಕಾಸಿ, ಮೊಣಕಾಲಿಗೆ ಎಣ್ಣೆ ತಿಕ್ಕಿ, ದಿನಕ್ಕೆ ಮೂರು ಸಲ ಕಳೆಯುವ ಚಸ್ಮಾ ಹುಡುಕಿಕೊಡಬೇಕು. ಅಲ್ಲಿಯವರೆಗೆ ನಾನು ತಮ್ಮ ಜಾಗದಲ್ಲಿ, ಆ ಫೋನಿನೊಳಗೆ ಕೂತು, ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತೇನೆ. ಉತ್ತರ ನನಗೆ ಬರಲಿ. ನನಗೆ ಬೇಕಾದದ್ದು ಅದೊಂದೇ.

ಸದ್ಯಕ್ಕೆ ಈ ಮನೆಯಲ್ಲೇ ಇರುವ, ತಮ್ಮ ವಿಶ್ವಾಸಿ,
ಮಲ್ಲಕ್ಕ

ತಾ.ಕ.: ಇದನ್ನು ಬರೆಯುವಾಗ ಇವರು ಬಾಗಿಲಲ್ಲಿ ನಿಂತು “ಯಾರಿಗಿ ಬರಿಯಾಕತ್ತೀಬೇ?” ಎಂದರು. ನಾನು ತಲೆ ಎತ್ತಲಿಲ್ಲ. ಬಾಜೂಕ ಬಂದು ಕೂತು, “ಅಷ್ಟುದ್ದ ಏನೈತಿ ಬರಿಯೂದು? ನನಗೂ ಅಷ್ಟು ಹೇಳಬೇ” ಎಂದರು. ಮೂರನೇ ಸಲ ಕೇಳುವವರೆಗೆ ನಾನು ಹೇಳುವವಳಲ್ಲ. ಅಷ್ಟರಲ್ಲಿ ತಾವು ನಡುವೆ ಬಾಯಿ ಹಾಕಿದಿರೋ, ತಮ್ಮ ಚಾರ್ಜರು ಎಮ್ಮೆಯ ಗೋದಲಿಯಲ್ಲಿರುತ್ತದೆ.